ಹಂದಿ ಕೊಟ್ಟಿಗೆಯ ಪಕ್ಕದ ಜಾಗ

ಆಗಸ್ಟ್ 12, ಭಾನುವಾರ

ಹನ್ನೊಂದು ವರ್ಷದಿಂದ ಈ ಪುಸ್ತಕದಲ್ಲಿ ನಾನು ಬರೆದಿದ್ದು ಮೂರೇ ಸಂಗತಿ: ಗಾಡಿ ಎಷ್ಟು ಮೈಲಿ ಓಡಿತು, ಎಣ್ಣೆ ಯಾವಾಗ ಬದಲಾಯಿತು, ಯಾವ ಟೈರು ಎಲ್ಲಿ ಕೈಕೊಟ್ಟಿತು. ಇನ್ನು ಗಾಡಿ ಓಡುವುದಿಲ್ಲವಂತೆ. ಡಿಸೆಂಬರಿನವರೆಗೆ ಒಂದೇ ಊರಿನಲ್ಲಿ ನಿಂತಿರುತ್ತದಂತೆ. ಪುಸ್ತಕ ಖಾಲಿ ಬಿದ್ದಿರುವ ಬದಲು ನನ್ನ ಗೊಣಗಾಟವನ್ನಾದರೂ ಹೊರಲಿ. ನೆಡ್ರಾ ಇದನ್ನು ಮುಟ್ಟುವುದಿಲ್ಲ. ಟೈರಿನ ಲೆಕ್ಕದ ಪುಸ್ತಕವನ್ನು ಯಾವ ಹೆಂಡತಿ ಓದುತ್ತಾಳೆ?

ಸಂಗತಿ ಇಷ್ಟು. ನಲವತ್ತನಾಲ್ಕು ವರ್ಷದ ಹಿಂದೆ ನೆಡ್ರಾ ಇದೇ ಆಲ್ಡರ್ಟನ್ನಿನ ಕಾಲೇಜಿನಲ್ಲಿ ನಾಲ್ಕು ವರ್ಷದ ಬಿ.ಎ. ಓದುತ್ತಿದ್ದಳು. ಮೂರೂವರೆ ವರ್ಷ ಮುಗಿದಿತ್ತು, ಅರ್ಧ ವರ್ಷ ಬಾಕಿ. ಅಷ್ಟರಲ್ಲಿ ನನ್ನನ್ನು ಮದುವೆಯಾದಳು, ಮಗಳು ರೋಂಡಾ ಹೊಟ್ಟೆಯಲ್ಲಿದ್ದಳು, ನನಗೆ ಮೂರು ಗಂಟೆ ದೂರದ ಊರಿನಲ್ಲಿ ಬ್ರೆಡ್ ಲಾರಿ ಓಡಿಸುವ ಕೆಲಸ ಸಿಕ್ಕಿತು. ‘ಮುಂದಿನ ವರ್ಷ ಬಂದು ಮುಗಿಸುವೆಯಂತೆ’ ಎಂದೆ. ಆಮೇಲೆ ಅವಳು ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಊಟ ಬಡಿಸಿದಳು. ಆ ‘ಮುಂದಿನ ವರ್ಷ’ ಈಗ ಬಂದಿದೆ. ನಾಲ್ಕು ವಿಷಯ ಪಾಸು ಮಾಡಿದರೆ ಪದವಿ ಕೊಡುತ್ತೇವೆಂದು ಕಾಲೇಜಿನವರು ಕಾಗದ ಬರೆದಿದ್ದಾರೆ. ಅರವತ್ತಕ್ಕೆ ಅರಳುಮರುಳು ಎನ್ನುತ್ತಾರೆ. ಇವಳಿಗೆ ಐದು ವರ್ಷ ತಡವಾಗಿ ಬಂದಿದೆ.

ಪಾಠ ಶುರುವಾಗುವುದು ಇಪ್ಪತ್ತೇಳಕ್ಕೆ. ಅಷ್ಟರೊಳಗೆ ಈ ಆರ್‌ವಿಯನ್ನು ನಿಲ್ಲಿಸಲು ಒಂದು ಕ್ಯಾಂಪು ಹುಡುಕಬೇಕು. ಮನೆ ಮಾರಿದ ಮೇಲೆ ನಮ್ಮ ಮನೆಯೂ ಇದೇ, ಗಾಡಿಯೂ ಇದೇ, ಊರೊಳಗೆ ಓಡಾಡಲು ಹಿಂದೆ ಕಟ್ಟಿಕೊಂಡ ಒಂದು ಪುಟ್ಟ ಕಾರು. ಬೇಸಿಗೆಗೆಂದು ಮಾಡಿದ್ದು, ಗೋಡೆ ಬಿಸ್ಕತ್ತಿನ ಡಬ್ಬದಷ್ಟು ತೆಳು. ಅಕ್ಟೋಬರ್ ಬಂತೆಂದರೆ ಅರಿಜೋನಾದ ಬಿಸಿಲಿಗೆ ಓಡುವವರು ನಾವು. ಓಹಾಯೋದ ಚಳಿಗಾಲದಲ್ಲಿ ಇದರೊಳಗೆ ಇರುವುದೆಂದರೆ ಐಸ್ ಪೆಟ್ಟಿಗೆಯಲ್ಲಿ ಸಂಸಾರ ಮಾಡಿದ ಹಾಗೆ. ಹೇಳಿದೆ. ಕೇಳಿಸಿಕೊಂಡಳು. ಕೇಳಲಿಲ್ಲ.

ಆಗಸ್ಟ್ 14, ಮಂಗಳವಾರ

ಸರ್ಕಾರಿ ಪಾರ್ಕಿನಲ್ಲಿದ್ದೇವೆ. ಕೆರೆ, ಬಾತುಕೋಳಿ, ಓಕ್ ಮರದ ನೆರಳು, ಎಲ್ಲ ಇದೆ. ನೆಡ್ರಾ ಕುರ್ಚಿ ಹಾಕಿಕೊಂಡು ಕೂತು ‘ಇದೇ ಇರಲಿ’ ಎಂದುಬಿಟ್ಟಳು. ಸಂಜೆ ಪಾರ್ಕಿನ ಅಧಿಕಾರಿ ಬಂದ. ಹದಿನಾಲ್ಕು ದಿನ ಆದಮೇಲೆ ಜಾಗ ಖಾಲಿ ಮಾಡಬೇಕು, ಮತ್ತೆ ಹದಿನಾಲ್ಕು ದಿನ ಆಚೆ ಇದ್ದು ಬೇಕಾದರೆ ವಾಪಸು ಬರಬಹುದು ಎಂದ.

‘ನನ್ನ ಹೆಂಡತಿ ಕಾಲೇಜು ಹುಡುಗಿ ಕಣಪ್ಪಾ, ಪರೀಕ್ಷೆ ಇರತ್ತೆ’ ಎಂದೆ.

ಅವನು ನೆಡ್ರಾಳನ್ನು ನೋಡಿದ. ನನ್ನನ್ನು ನೋಡಿದ. ‘ಹದಿನಾಲ್ಕು ದಿನ, ಸರ್’ ಎಂದ.

ಆಗಸ್ಟ್ 15, ಬುಧವಾರ

ಇವತ್ತು ನೋಡಿದ ಕ್ಯಾಂಪಿಗೆ ಈಜುಕೊಳ ಇದೆ, ನಾಯಿಗಳಿಗೆ ಸ್ನಾನದ ಕೋಣೆ ಇದೆ, ನಮಗೆ ಮಾತ್ರ ಜಾಗ ಇಲ್ಲ. ಆಫೀಸಿನ ಹುಡುಗಿ ಬಹಳ ನಯವಾಗಿ ಕೇಳಿದಳು.

‘ನಿಮ್ಮ ಗಾಡಿ ಯಾವ ವರ್ಷದ್ದು ಸರ್?’

‘ತೊಂಬತ್ತಾರು.’

‘ಅಯ್ಯೋ. ಹತ್ತು ವರ್ಷ ಮೀರಿದ್ದು ನಾವು ಒಳಗೆ ಬಿಡಲ್ಲ. ಬೇಕಾದ್ರೆ ಒಂದು ಫೋಟೋ ಕಳಿಸಿ, ಓನರ್ ನೋಡಿ ಹೇಳ್ತಾರೆ.’

‘ಯಾರ ಫೋಟೋ? ಗಾಡೀದಾ, ನಂದಾ?’

ಅವಳಿಗೆ ಅರ್ಥವಾಗಲಿಲ್ಲ. ನೆಡ್ರಾ ಕಾರಿನವರೆಗೂ ನಗುತ್ತಾ ಬಂದಳು. ‘ನಿಂದು ಕಳಿಸಬೇಡ ಮುದುಕ, ನಮ್ಮನ್ನ ಊರೊಳಗೇ ಬಿಡಲ್ಲ’ ಎಂದಳು. ಅವಳು ನಕ್ಕಳು, ನನಗೆ ಉರಿಯಿತು. ಇಪ್ಪತ್ತೆರಡು ವರ್ಷದ ಗಾಡಿ. ಒಂದು ದಿನ ದಾರಿಯಲ್ಲಿ ನಿಂತು ಮಾನ ಕಳೆದಿಲ್ಲ. ಆ ಹುಡುಗಿಗಿಂತ ಒಂದೆರಡು ವರ್ಷ ದೊಡ್ಡದೇ ಇರಬೇಕು.

ಆಗಸ್ಟ್ 17, ಶುಕ್ರವಾರ

ಜಾಗ ಗೊತ್ತುಮಾಡಿದೆ. ವಾಲ್ನಟ್ ಬೆಂಡ್ ಎಂದು ಹೆಸರು, ಹಳ್ಳದ ದಡ, ಕಾಲೇಜಿಗೆ ಕಾರಿನಲ್ಲಿ ಹತ್ತು ನಿಮಿಷ. ಯಜಮಾನ ಡೆಲ್ಬರ್ಟ್ ನನ್ನ ಹಾಗೆಯೇ ಹೊಟ್ಟೆ ಬಂದ ಮನುಷ್ಯ, ಗಾಡಿಯ ವಯಸ್ಸು ಕೇಳಲಿಲ್ಲ.

ಒಂದು ಮಾತು ಇಲ್ಲಿ ಬರೆದಿಡುತ್ತೇನೆ, ಬೇರೆಲ್ಲೂ ಹೇಳುವಂತಿಲ್ಲ. ನೆಡ್ರಾಗೆ ಕ್ಯಾಂಪು ಆರಿಸಲು ಒಂದೇ ಪರೀಕ್ಷೆ: ಕಕ್ಕಸು. ಅದು ಶುಚಿಯಾಗಿದ್ದರೆ ಉಳಿದದ್ದೆಲ್ಲ ತಾನಾಗಿ ಸರಿಯಿರುತ್ತದೆ ಎನ್ನುತ್ತಾಳೆ. ಅವಳು ಅತ್ತ ಹೋದಾಗ ನಾನು ಆಫೀಸಿನಲ್ಲಿದ್ದೆ. ಡೆಲ್ಬರ್ಟನ ತಲೆಯ ಮೇಲೊಂದು ಹಲಗೆ ನೇತಾಡುತ್ತಿತ್ತು: ಅಕ್ಟೋಬರ್ 31ಕ್ಕೆ ನೀರು ಬಂದ್, ಕ್ಯಾಂಪು ಬಂದ್, ಮತ್ತೆ ಏಪ್ರಿಲ್‌ಗೆ. ಓದಿದೆ. ಕಾಲೇಜು ಮುಗಿಯುವುದು ಡಿಸೆಂಬರ್ ಮಧ್ಯಕ್ಕೆ. ಬಾಯಿ ಬಿಡಲಿಲ್ಲ. ಅಕ್ಟೋಬರ್ ಬರುವ ಹೊತ್ತಿಗೆ ಇವಳಿಗೂ ಸಾಕಾಗಿರುತ್ತದೆ, ಕ್ಯಾಂಪೂ ಮುಚ್ಚುತ್ತದೆ, ಗಾಡಿ ಅರಿಜೋನಾದ ಕಡೆ ತಿರುಗುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ನೆಡ್ರಾ ಬಂದು ‘ಕನ್ನಡಿ ಥರ ಇದೆ, ಇದೇ ಆಗಲಿ’ ಎಂದಳು. ನಾನು ಸಹಿ ಹಾಕಿದೆ.

ಆಗಸ್ಟ್ 27, ಸೋಮವಾರ

ಬಿಟ್ಟು ಬಂದೆ. ಬೆನ್ನಿಗೆ ಹಸಿರು ಚೀಲ, ಕಾಲಿಗೆ ಹೊಸ ಬೂಟು. ಮೆಟ್ಟಿಲ ಹತ್ತಿರ ಒಮ್ಮೆ ನಿಂತು ಚೀಲ ಸರಿಮಾಡಿಕೊಂಡಳು, ತಿರುಗಿ ನೋಡಲಿಲ್ಲ. ಮಧ್ಯಾಹ್ನ ಒಬ್ಬನೇ ಕೂತು ಸ್ಯಾಂಡ್‌ವಿಚ್ ತಿಂದೆ. ಸಾಸಿವೆ ಸಾಸ್ ಎಲ್ಲಿಡುತ್ತಾಳೋ ಗೊತ್ತಾಗಲಿಲ್ಲ.

ಸೆಪ್ಟೆಂಬರ್ 9, ಭಾನುವಾರ

ನಾಲ್ಕು ವಿಷಯಗಳಲ್ಲಿ ಒಂದು ಭೂವಿಜ್ಞಾನ. ಕಲ್ಲುಗಳ ಪಾಠ. ಶುಕ್ರವಾರದ ಕಿರುಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಏಳು ಬಂತು. ಬಂದವಳೇ ಬೂಟು ಬಿಚ್ಚದೆ ಹಾಸಿಗೆಯ ಮೇಲೆ ಕೂತಳು.

‘ಪಕ್ಕದ ಹುಡುಗಿ ನನಗೆ ಸಮಾಧಾನ ಮಾಡಿದಳು ವರ್ಲಿನ್. ಹತ್ತೊಂಬತ್ತು ವರ್ಷದವಳು. “ಪರವಾಗಿಲ್ಲ ಅಜ್ಜಿ, ನಮ್ಮ ಅಜ್ಜಿಗೂ ಮರೆವು” ಅಂದಳು.’

ಆಮೇಲೆ ಅತ್ತಳು. ಬೆನ್ನು ಸವರಿದೆ. ಸವರುತ್ತಿರುವಾಗ ಒಳಗೊಳಗೇ ಒಂದು ಸಂತೋಷ ಆಯಿತು. ಇನ್ನೇನು ಬಿಡುತ್ತಾಳೆ ಎನ್ನುವ ಸಂತೋಷ. ಅದಕ್ಕೆ ನನಗೇ ನಾಚಿಕೆಯಾಗಿ ಹೊರಗೆ ಹೋಗಿ, ಸರಿಯಾಗಿಯೇ ಇದ್ದ ಟೈರಿಗೆ ಗಾಳಿ ನೋಡಿದೆ.

ನಿಜ ಹೇಳಬೇಕೆಂದರೆ ಚಳಿಯ ಭಯ ಅರ್ಧ, ಇನ್ನರ್ಧ ಬೇರೆಯೇ. ನಾನು ಹೈಸ್ಕೂಲು ಮುಗಿಸಿ ಬ್ರೆಡ್ ಹಂಚಿದವನು. ಅವಳು ಆವತ್ತು ಇಲ್ಲೇ ಉಳಿದಿದ್ದರೆ ಏನಾಗುತ್ತಿದ್ದಳೆಂದು ಆ ಕಟ್ಟಡಗಳ ನಡುವೆ ಓಡಾಡುವಾಗ ಅವಳಿಗೇ ಕಂಡುಬಿಟ್ಟರೆ? ಕಂಡಮೇಲೆ ಸಂಜೆ ಬಂದು ನನ್ನ ಮುಖ ನೋಡಿದರೆ?

ಸಂಜೆ ಕಲ್ಲಿನ ಹೆಸರುಗಳನ್ನು ಚೀಟಿಗಳ ಮೇಲೆ ಬರೆದು ಕೊಟ್ಟಳು, ನಾನು ಒಂದೊಂದಾಗಿ ಹಿಡಿದು ಕೇಳಬೇಕಂತೆ. ಕೇಳಿದೆ. ಹೆಂಡತಿ ಅಳುವುದಕ್ಕಿಂತ ಕಲ್ಲೇ ವಾಸಿ.

ಸೆಪ್ಟೆಂಬರ್ 22, ಶನಿವಾರ

ಈ ವಾರಾಂತ್ಯ ಕಾಲೇಜಿನ ಫುಟ್‌ಬಾಲ್ ಹಬ್ಬ, ಹಳೆಯ ವಿದ್ಯಾರ್ಥಿಗಳೆಲ್ಲ ಊರಿಗೆ ಬರುತ್ತಾರೆ. ಈ ಎರಡು ದಿನಕ್ಕೆ ವಾಲ್ನಟ್ ಬೆಂಡಿನ ಒಂದೊಂದು ಜಾಗವೂ ಮೂವತ್ತು ವರ್ಷದಿಂದ ಒಂದೊಂದು ಕುಟುಂಬಕ್ಕೆ ಮೀಸಲಂತೆ. ಅಪ್ಪ ಸತ್ತರೆ ಮಗನಿಗೆ. ಡೆಲ್ಬರ್ಟ್ ತಲೆ ಕೆರೆದುಕೊಂಡ.

‘ಎರಡು ರಾತ್ರಿ ಅಷ್ಟೇ ಸ್ವಾಮಿ. ಕೌಂಟಿ ಮೇಳದ ಮೈದಾನಕ್ಕೆ ಹೋಗಿ. ಅಲ್ಲಿ ಲವರ್ನ್ ಅಂತ ಇದ್ದಾಳೆ, ನನ್ನ ಹೆಸರು ಹೇಳಬೇಡಿ, ಜಾಗ ಕೊಡ್ತಾಳೆ.’

ರೈತರು ದನ, ಹಂದಿ ತಂದು ತೋರಿಸುವ ಮೇಳ ಆಗಸ್ಟಿನಲ್ಲೇ ಮುಗಿದಿದೆ. ದೊಡ್ಡ ಬಯಲು, ಖಾಲಿ ಕೊಟ್ಟಿಗೆಗಳು. ನಮ್ಮನ್ನು ಹಂದಿ ಕೊಟ್ಟಿಗೆಯ ಪಕ್ಕ ನಿಲ್ಲಿಸಿದರು. ಹಂದಿಗಳು ಹೋಗಿ ತಿಂಗಳಾದರೂ ಅವುಗಳ ನೆನಪು ಗಾಳಿಯಲ್ಲೇ ಇದೆ. ಲವರ್ನ್ ಎಪ್ಪತ್ತರ ಹೆಂಗಸು, ಗಂಡಸಿನ ಟೋಪಿ ಹಾಕುತ್ತಾಳೆ, ಮೈದಾನದ ಉಸ್ತುವಾರಿ ಅವಳದೇ.

ನೆಡ್ರಾ ಪಂದ್ಯ ನೋಡಬೇಕೆಂದಳು, ಹೋದೆವು. ಪಕ್ಕದಲ್ಲಿ ಕೂತಿದ್ದ ಕೆಂಪು ಕೋಟಿನವನು ‘ನೀವು ಯಾವ ವರ್ಷದ ಬ್ಯಾಚು?’ ಎಂದು ಕೇಳಿದ.

‘ನಾನಲ್ಲ, ಇವಳು. ಈ ವರ್ಷದ್ದು’ ಎಂದೆ.

ಸ್ವಲ್ಪ ಜೋರಾಗಿಯೇ ಹೇಳಿದೆನಂತೆ. ಮುಂದಿನ ಸಾಲಿನವರೂ ತಿರುಗಿ ನೋಡಿದರು. ಅವನ ಕೋಟು ನೋಡಿ ಸಿಟ್ಟು ಬಂದಿತ್ತು, ಅಷ್ಟೇ.

ಅಕ್ಟೋಬರ್ 7, ಭಾನುವಾರ

ವಾಲ್ನಟ್ ಬೆಂಡಿನ ಹಳ್ಳದಲ್ಲಿ ನಡೆದಾಡುವಾಗ ಒಂದು ಕಲ್ಲು ಸಿಕ್ಕಿತು, ಒಳಗೆ ಬಳ್ಳಿಯ ಹಾಗೆ ಕಡಲ ಹುಳದ ಗುರುತು. ನೆಡ್ರಾಗೆ ಕೊಟ್ಟೆ. ಆಮೇಲೆ ಇನ್ನೂ ಹನ್ನೊಂದು ಸಿಕ್ಕವು. ಮೆಟ್ಟಿಲಿನ ಪಕ್ಕ ಸಾಲಾಗಿ ಇಟ್ಟಿದ್ದೇನೆ. ಡೆಲ್ಬರ್ಟ್ ನೋಡಿ ಮರಳುಗಲ್ಲು ಎಂದ. ಸುಣ್ಣಕಲ್ಲು ಕಣಯ್ಯಾ ಎಂದು ಅರ್ಧ ಗಂಟೆ ವಿವರಿಸಿದೆ. ಈ ನೆಲವೆಲ್ಲ ಹಿಂದೆ ಕಡಲಿನ ತಳವಾಗಿತ್ತು ಎಂದರೆ ನಂಬಲಿಲ್ಲ. ಕೆಲವರಿಗೆ ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ.

ಎರಡನೆಯ ಕಿರುಪರೀಕ್ಷೆ: ಇಪ್ಪತ್ತಕ್ಕೆ ಹದಿನಾರು. ‘ಹದಿನೇಳು ಬರಬೇಕಿತ್ತು, ಸ್ಲೇಟ್ ಕಲ್ಲಿನ ಪ್ರಶ್ನೆ ಹಿಂದಿನ ರಾತ್ರಿ ತಾನೇ ಕೇಳಿರಲಿಲ್ವಾ?’ ಎಂದು ರೇಗಿದೆ.

‘ಹೌದು ಮೇಷ್ಟ್ರೇ’ ಎಂದಳು.

ಅಕ್ಟೋಬರ್ 19, ಶುಕ್ರವಾರ

ಸಂಜೆ ನೆಡ್ರಾ ಬಾಗಿಲಲ್ಲಿ ಕೂತು ಹ್ಯಾಲೋವೀನ್ ಹಬ್ಬಕ್ಕೆಂದು ಕುಂಬಳಕಾಯಿಗೆ ಕಣ್ಣು ಕೊರೆಯುತ್ತಿದ್ದಳು. ಡೆಲ್ಬರ್ಟ್ ಬಂದ.

‘ಮೂವತ್ತೊಂದಕ್ಕೆ ನೀರು ನಿಲ್ಲಿಸ್ತೀನಿ. ಮೂವತ್ತಕ್ಕೇ ಹೊರಟ್ರೆ ಒಳ್ಳೇದು, ಪೈಪೆಲ್ಲ ಖಾಲಿ ಮಾಡಬೇಕು. ಹಲಗೆ ನೋಡಿದ್ರಲ್ಲ ಸ್ವಾಮಿ, ನೀವೇ ಎದುರಿಗೆ ನಿಂತು ಓದ್ತಾ ಇದ್ರಿ.’

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಎರಡೂ ಹೆಗಲು ಮುಟ್ಟಿಕೊಳ್ಳುವ ಹಾಗಾಯಿತು. ಡೆಲ್ಬರ್ಟ್ ಹೋದ. ನೆಡ್ರಾ ಚಾಕು ಕೆಳಗಿಟ್ಟಳು. ಸುಳ್ಳು ಹೇಳಲು ಬಾಯಿ ತೆರೆದೆ, ನಿಜವೇ ಬಂತು.

‘ಮೊದಲನೇ ದಿನಾನೇ ಗೊತ್ತಿತ್ತು. ನೀನು ಬಿಟ್ಟುಬಿಡ್ತೀಯ ಅಂದ್ಕೊಂಡೆ. ಬಿಡಲಿ ಅಂತಾನೇ ಅಂದ್ಕೊಂಡೆ.’

ಬೈಯುತ್ತಾಳೆಂದು ಕಾದೆ. ಅವಳು ಕುಂಬಳಕಾಯಿಯ ಬೀಜಗಳನ್ನು ಬೆರಳಲ್ಲಿ ಬಳಿದು ಬಳಿದು ಬಟ್ಟಲಿಗೆ ಹಾಕಿದಳು.

‘ಹೆಂಗಸರ ಕಕ್ಕಸಿನ ಬಾಗಿಲಿಗೂ ಅದೇ ಚೀಟಿ ಅಂಟಿಸಿದ್ದಾರೆ ವರ್ಲಿನ್. ನಾನೂ ಓದಿದೆ.’

‘ಓದಿ? ಇದೇ ಆಗಲಿ ಅಂದೆಯಲ್ಲೇ!’

‘ಭಯ ಇತ್ತು ಕಣೋ. ನಾಲ್ಕು ವಿಷಯದಲ್ಲಿ ನಾಲ್ಕೂ ಫೇಲಾದ್ರೆ? ಅದಕ್ಕೇ ಕ್ಯಾಂಪು ಮುಚ್ಚಿತು ಅಂತ ಹೇಳಿ ಹೊರಟುಬಿಡಬಹುದಲ್ಲ ಅಂತ. ಮರ್ಯಾದೆಯಾಗಿ ಓಡಿಹೋಗೋಕೆ ನನಗೂ ಒಂದು ಬಾಗಿಲು ಬೇಕಿತ್ತು.’ ಮುಖ ಎತ್ತಿದಳು. ‘ಈಗ ಬೇಡ. ಈಗ ಮುಗಿಸಬೇಕು ಅನ್ನಿಸಿದೆ. ಆದರೆ ಬಾಗಿಲು ಮಾತ್ರ ಅಲ್ಲೇ ತೆರೆದುಕೊಂಡು ನಿಂತಿದೆ ನೋಡು.’

ನಲವತ್ತನಾಲ್ಕು ವರ್ಷ ಒಂದೇ ಮಂಚದಲ್ಲಿ ಮಲಗಿದ ಇಬ್ಬರು ಕಳ್ಳರು. ನನಗೆ ನಗು ಬರಬೇಕಿತ್ತು. ಬರಲಿಲ್ಲ. ಅವಳಿಗೂ ಭಯ ಇರಬಹುದೆಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ.

ಅಕ್ಟೋಬರ್ 20, ಶನಿವಾರ

ಹದಿನಾಲ್ಕು ಕ್ಯಾಂಪುಗಳಿಗೆ ಫೋನು ಮಾಡಿದೆ. ಸರ್ಕಾರಿ ಪಾರ್ಕಿನ ನೀರೂ ಬಂದ್. ಇನ್ನೊಂದು ಕಡೆ ಚಳಿಗಾಲಕ್ಕೂ ಜಾಗ ಇದೆ, ಆದರೆ ಒಂದೂವರೆ ಗಂಟೆ ದೂರ. ಹಿಮ ಬಿದ್ದ ದಿನ ಬೆಳಗಿನ ಎಂಟರ ಪಾಠಕ್ಕೆ ತಲುಪುವುದಾಗದು. ನಾಯಿ ಸ್ನಾನದ ಕ್ಯಾಂಪು ವರ್ಷವಿಡೀ ತೆರೆದಿರುತ್ತದೆ. ಸಿಟ್ಟು ನುಂಗಿಕೊಂಡೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಗಾಡಿಗೆ ಮೇಣ ಹಾಕಿ ಉಜ್ಜಿದೆ. ಬಲಗಡೆ ತುಕ್ಕು ಇದೆ, ಆದ್ದರಿಂದ ಎಡಗಡೆಯಿಂದ ಫೋಟೋ ತೆಗೆದು ಕಳಿಸಿದೆ. ಬಿಸಿಲು ಚೆನ್ನಾಗಿತ್ತು. ಗಾಡಿ ಮದುಮಗನ ಹಾಗೆ ಕಂಡಿತು.

ಅಕ್ಟೋಬರ್ 22, ಸೋಮವಾರ

‘ಕ್ಷಮಿಸಿ’ ಎಂದು ಉತ್ತರ ಬಂತು. ಪಕ್ಕಕ್ಕೊಂದು ನಗುಮುಖದ ಚಿತ್ರ ಬೇರೆ.

ಅಕ್ಟೋಬರ್ 25, ಗುರುವಾರ

ನಿನ್ನೆ ಲವರ್ನ್ ಹತ್ತಿರ ಹೋಗಿದ್ದೆ. ‘ಅಕ್ಟೋಬರ್ ಆದಮೇಲೆ ಕ್ಯಾಂಪು ಬಿಡಲ್ಲ, ನಿಯಮ. ಮೇಳದ ಬೋರ್ಡಿನವರು ನಾಳೆ ಸೇರ್ತಾರೆ. ಬಂದು ನೀವೇ ಕೇಳಿ. ಟೋಪಿ ತೆಗೆದು ಕೇಳಿ’ ಎಂದಳು.

ಇವತ್ತು ಹೋದೆ. ಏಳು ಜನ ರೈತರು ಮಡಿಸುವ ಕುರ್ಚಿಗಳಲ್ಲಿ ಕೂತು ಮುಂದಿನ ವರ್ಷದ ಟ್ರ್ಯಾಕ್ಟರ್ ಪಂದ್ಯದ ಬಗ್ಗೆ ಜಗಳವಾಡುತ್ತಿದ್ದರು. ನನ್ನ ಸರದಿ ಬಂತು. ನಾನು ಸಿದ್ಧಮಾಡಿಕೊಂಡು ಹೋದದ್ದು ಬೇರೆ: ಶುಚಿಯಾದ ಜನ, ಗಲಾಟೆಯಿಲ್ಲ, ನಾಯಿಯಿಲ್ಲ. ಅಧ್ಯಕ್ಷ, ಉದ್ದ ಮೀಸೆಯವನು, ನೇರವಾಗಿ ಕೇಳಿದ.

‘ನೀರು ಹೆಪ್ಪುಗಟ್ಟೋ ಕಾಲದಲ್ಲಿ ಹಂದಿ ಕೊಟ್ಟಿಗೆ ಪಕ್ಕ ಯಾಕ್ರೀ ಇರಬೇಕು ನೀವು? ತೆಂಕಲ ಕಡೆ ಹೋಗಬಾರದಾ, ಎಲ್ಲಾರೂ ಹೋಗೋ ಹಾಗೆ?’

‘ನನ್ನ ಹೆಂಡತಿ ಇಲ್ಲಿನ ಕಾಲೇಜಲ್ಲಿ ಓದ್ತಾಳೆ’ ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಾಲಿಗೆ ನಿಲ್ಲಲಿಲ್ಲ. ‘ನಲವತ್ತನಾಲ್ಕು ವರ್ಷದ ಹಿಂದೆ ಅರ್ಧ ವರ್ಷ ಬಾಕಿ ಇರುವಾಗ ಅವಳನ್ನ ಇಲ್ಲಿಂದ ಎಬ್ಬಿಸಿಕೊಂಡು ಹೋದೋನು ನಾನೇ. ಮುಂದಿನ ವರ್ಷ ಅಂದೆ. ಆಮೇಲೆ ಆ ಮಾತು ನಾನು ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಈಗ ಏಳು ವಾರ ಉಳಿದಿದೆ. ಎರಡನೇ ಸಲಾನೂ ನನ್ನ ಗಾಡಿಯಿಂದಾನೇ ಅವಳ ಓದು ನಿಂತರೆ, ಆ ಗಾಡಿಲಿ ಆಮೇಲೆ ನಾನು ಹೇಗ್ರಪ್ಪಾ ಮಲಗೋದು?’

ಅಧ್ಯಕ್ಷ ಮೀಸೆ ಒರೆಸಿಕೊಂಡ.

‘ನಿಮಗೆ ದೋಣಿ ಹಿಮ್ಮುಖ ಒಳಗೆ ಹಾಕೋಕೆ ಬರತ್ತಾ?’

ನನಗೆ ತಿಳಿಯಲಿಲ್ಲ. ಲವರ್ನ್ ಬಿಡಿಸಿ ಹೇಳಿದಳು. ಚಳಿಗಾಲದಲ್ಲಿ ಊರಿನವರೆಲ್ಲ ತಮ್ಮ ದೋಣಿಗಳನ್ನು ಚಕ್ರದ ಗಾಡಿಯ ಮೇಲೆ ತಂದು ಕೊಟ್ಟಿಗೆಗಳಲ್ಲಿ ಇಟ್ಟುಹೋಗುತ್ತಾರೆ. ಅವನ್ನು ಹಿಮ್ಮುಖವಾಗಿ ಒಳಗೆ ತಳ್ಳಿ, ಸಾಲಾಗಿ, ಒಂದಕ್ಕೊಂದು ಗೇಣು ಬಿಟ್ಟು ನಿಲ್ಲಿಸಬೇಕು. ಹೋದ ವರ್ಷ ಆ ಕೆಲಸ ಮಾಡಿದವನು ಕಂಬಕ್ಕೇ ಗುದ್ದಿದನಂತೆ. ಕ್ಯಾಂಪು ಹಾಕುವವರಿಗೆ ಜಾಗ ಇಲ್ಲ, ಆದರೆ ಕೆಲಸದವನಿಗೆ ನಿಯಮ ಅಡ್ಡ ಬರುವುದಿಲ್ಲ.

‘ಮೂವತ್ತಮೂರು ವರ್ಷ ಬ್ರೆಡ್ ಲಾರಿನ ಅಂಗಡಿ ಹಿತ್ತಲಿಗೆ ಹಿಮ್ಮುಖಾನೇ ಹಾಕಿದ್ದೀನಿ’ ಎಂದೆ.

ಏಳೂ ಜನ ಕೈ ಎತ್ತಿದರು. ಒಬ್ಬ ಮುದುಕ ಮಾತ್ರ ಎರಡೂ ಕೈ ಎತ್ತಿದ. ‘ಒಂದು ನನ್ನ ಹೆಂಡತಿದು’ ಎಂದ.

ನೆಡ್ರಾಗೆ ಜಾಗ ಸಿಕ್ಕಿತು ಎಂದಷ್ಟೇ ಹೇಳಿದೆ. ಲವರ್ನ್ ಬಾಯಿ ಮುಚ್ಚಿಕೊಂಡಿದ್ದರೆ ಒಳ್ಳೆಯದು.

ನವೆಂಬರ್ 3, ಶನಿವಾರ

ಇಪ್ಪತ್ತಾರು ದೋಣಿ ಒಳಗೆ ಹಾಕಿದೆ. ನೀರಿನ ಪೈಪಿಗೆ ಕಾವು ಕೊಡುವ ತಂತಿ ಸುತ್ತಿದೆ, ಗಾಡಿಯ ಸುತ್ತ ಹುಲ್ಲಿನ ಪೆಂಡಿಗಳನ್ನು ಒಟ್ಟಿದೆ. ಹೊರಗಿನಿಂದ ನೋಡಿದರೆ ದನದ ಕೊಟ್ಟಿಗೆಗೆ ಚಿಮಣಿ ಬಂದ ಹಾಗಿದೆ. ನೆಡ್ರಾ ಮೇಳದ ಕಕ್ಕಸು ನೋಡಿ ಬಂದಳು. ಬಕೆಟ್ಟು, ಬ್ರಷ್ಷು ತೆಗೆದುಕೊಂಡು ವಾಪಸು ಹೋದಳು.

ಲವರ್ನ್ ಬಾಯಿ ಮುಚ್ಚಿಕೊಳ್ಳಲಿಲ್ಲವೆಂದು ಕಾಣುತ್ತದೆ. ಊಟಕ್ಕೆ ಕೂತಾಗ ನೆಡ್ರಾ ನನ್ನ ಕೈ ಹಿಡಿದುಕೊಂಡೇ ಒಂದೇ ಕೈಯಲ್ಲಿ ಸೂಪು ಕುಡಿದಳು.

ನವೆಂಬರ್ 16, ಶುಕ್ರವಾರ

ಹನ್ನೊಂದು ವರ್ಷದಿಂದ ಕಂಡ ಕಂಡವರಿಗೆಲ್ಲ ನಾನು ಉಪದೇಶ ಮಾಡಿದ್ದು: ಕೊಳೆನೀರು ತುಂಬುವ ಗ್ರೇ ಟ್ಯಾಂಕಿನ ತಿರುಪು ಸದಾ ಮುಚ್ಚಿಡಿ, ತುಂಬಿದ ಮೇಲಷ್ಟೇ ಒಮ್ಮೆಲೇ ಬಿಡಿ. ಚಳಿಯಲ್ಲಿ ಅದನ್ನು ತೆರೆದಿಟ್ಟರೆ ಪಾತ್ರೆ ತೊಳೆದ ನೀರು ಹನಿಹನಿಯಾಗಿ ಪೈಪಿಗಿಳಿದು ಅಲ್ಲೇ ಗಡ್ಡೆಕಟ್ಟುತ್ತದೆ. ನಿನ್ನೆ ನೆಡ್ರಾಗೆ ಜ್ವಾಲಾಮುಖಿಯ ಚೀಟಿ ಹಿಡಿಯುವ ಗಡಿಬಿಡಿಯಲ್ಲಿ ನಾನೇ ತೆರೆದಿಟ್ಟು ಬಂದೆ. ಬೆಳಿಗ್ಗೆ ಪೈಪು ದೊಣ್ಣೆಯಾಗಿತ್ತು. ಮೂರು ಗಂಟೆ ಹೇರ್ ಡ್ರೈಯರ್ ಹಿಡಿದುಕೊಂಡು ಗಾಡಿಯ ಕೆಳಗೆ ಮಲಗಿದ್ದೆ. ಲವರ್ನ್ ಬಂದು ನನ್ನ ಬೂಟುಗಳ ಜೊತೆ ಮಾತಾಡಿದಳು.

‘ಕೂದಲು ಒಣಗಿಸ್ತಾ ಇದ್ದೀಯಾ?’

ಕೈ ಮರಗಟ್ಟಿದೆ. ಹೆಚ್ಚು ಬರೆಯಲಾರೆ. ಜ್ವಾಲಾಮುಖಿಯಲ್ಲಿ ಇಪ್ಪತ್ತಕ್ಕೆ ಹತ್ತೊಂಬತ್ತು.

ನವೆಂಬರ್ 22, ಗುರುವಾರ

ಥ್ಯಾಂಕ್ಸ್‌ಗಿವಿಂಗ್. ಹಬ್ಬಕ್ಕೆ ಟರ್ಕಿ ಎಂಬ ದೊಡ್ಡ ಹಕ್ಕಿ ಬೇಯಿಸಬೇಕು, ನಮ್ಮ ಒಲೆಯಲ್ಲಿ ಅದು ಹಿಡಿಸುವುದಿಲ್ಲ, ಕೋಳಿಯನ್ನೇ ಟರ್ಕಿ ಎಂದು ಕರೆದೆವು. ಲವರ್ನ್ ಕುಂಬಳಕಾಯಿ ಪೈ ತಂದಳು. ರೋಂಡಾ ಫೋನು ಮಾಡಿ ‘ಅಪ್ಪಾ, ಅಮ್ಮನ್ನ ಯಾಕೆ ಆ ಚಳೀಲಿ ಕೊಲ್ತಾ ಇದ್ದೀಯ, ಬಿಸಿಲಿಗೆ ಕರ್ಕೊಂಡು ಹೋಗಬಾರದಾ’ ಎಂದಳು. ‘ನಿಮ್ಮಮ್ಮನಿಗೆ ಹದಿನೈದು ಪುಟ ಬರೆಯೋದು ಬಾಕಿ ಇದೆ, ಫೋನ್ ಇಡು’ ಎಂದೆ.

ನವೆಂಬರ್ 28, ಬುಧವಾರ

ಕಾಲೇಜಿನಿಂದ ಒಂದು ಫಾರಂ ಬಂದಿದೆ. ಪದವಿಪತ್ರದಲ್ಲಿ ಹೆಸರು ಹೇಗಿರಬೇಕೆಂದು ತುಂಬಿ ಕೊಡಬೇಕು. ನೆಡ್ರಾ ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದಳು.

‘ಆಗ ಇಲ್ಲಿ ಸೇರಿದಾಗ ನೆಡ್ರಾ ಫೇ ಕಾಲ್ವಿನ್ ಅಂತಿತ್ತು’ ಎಂದಳು, ನನ್ನನ್ನು ನೋಡದೆ. ‘ಯಾವುದು ಬೇಕಾದ್ರೂ ಬರೀಬಹುದಂತೆ. ನಿನ್ನ ಸ್ಟ್ಯಾಂಪರ್ ಅಂತಾನೇ ಬರೀತೀನಿ ಬಿಡು.’

ಸುಮ್ಮನಿದ್ದಿದ್ದರೆ ಬರೆದುಬಿಡುತ್ತಿದ್ದಳು.

‘ಕಾಲ್ವಿನ್ ಅಂತ ಬರಿ. ಮೂರೂವರೆ ವರ್ಷ ಓದಿದ್ದು ಆ ಹುಡುಗಿ. ಸ್ಟ್ಯಾಂಪರ್ ಬಂದಿದ್ದು ಕೊನೇ ನಾಲ್ಕು ತಿಂಗಳಿಗೆ.’

‘ನಿನಗೆ ಬೇಜಾರಾಗಲ್ವಾ?’

‘ಆಗತ್ತೆ. ಬರಿ.’

ಬರೆದಳು. ಆಗಲೇ ಹೇಳಿದ್ದೆ, ಬೇಜಾರಾಗುತ್ತದೆಂದು, ಆಯಿತು. ಹೊರಗೆ ಹೋಗಿ ದೋಣಿಗಳನ್ನು ಎಣಿಸಿದೆ. ಎಲ್ಲ ಅಲ್ಲೇ ಇದ್ದವು. ವಾಪಸು ಬಂದಾಗ ಅವಳು ಆ ಫಾರಮ್ಮನ್ನು ನಿಲ್ಲಿಸಿಟ್ಟು ನೋಡುತ್ತಿದ್ದಳು. ಆ ಮುಖ ನನಗೆ ಗೊತ್ತಿತ್ತು. ಕಾಲೇಜಿನ ಮೆಟ್ಟಿಲ ಮೇಲೆ ಇಪ್ಪತ್ತೊಂದನೇ ವಯಸ್ಸಿನಲ್ಲಿ ನಾನು ಮೊದಲು ನೋಡಿದ್ದು ಅದನ್ನೇ. ನಡುವೆ ಅದು ಎಲ್ಲಿಗೆ ಹೋಗಿತ್ತೆಂದು ನಾನು ಕೇಳಿಯೇ ಇರಲಿಲ್ಲ.

ಡಿಸೆಂಬರ್ 13, ಗುರುವಾರ

ಕೊನೆಯ ಪರೀಕ್ಷೆ, ಕಲ್ಲಿನದು. ಕಾರಿನಲ್ಲಿ ಎರಡು ಗಂಟೆ ಕಾದೆ. ಕಾಯುತ್ತಾ ಚೀಟಿಗಳನ್ನೆಲ್ಲ ನಾನೇ ಒಮ್ಮೆ ಉತ್ತರಿಸಿದೆ. ಎರಡು ತಪ್ಪಿದವು.

ಡಿಸೆಂಬರ್ 19, ಬುಧವಾರ

ನಾಲ್ಕೂ ಪಾಸು. ಕಲ್ಲಿನಲ್ಲಿ ಬಿ. ಇತಿಹಾಸದಲ್ಲಿ ಎ.

ಫೋನಿನಲ್ಲಿ ನೋಡಿದವಳು ಕೂಗಲೂ ಇಲ್ಲ, ಕುಣಿಯಲೂ ಇಲ್ಲ. ಕಾಫಿ ಲೋಟ ತೊಳೆದಳು. ತೊಳೆದದ್ದನ್ನೇ ಮತ್ತೆ ತೊಳೆದಳು. ಆಮೇಲೆ ಒದ್ದೆ ಕೈಯಲ್ಲೇ ನನ್ನ ಕಿವಿ ಎರಡೂ ಹಿಡಿದು ಹಣೆಗೆ ಹಣೆ ಒತ್ತಿ ನಿಂತಳು. ಹೀಗೆ ಎಷ್ಟು ಹೊತ್ತೋ.

‘ಆಯ್ತಲ್ಲ ಮುದುಕ’ ಎಂದಳು. ‘ಇನ್ನು ನಿನ್ನ ಸರದಿ. ನಿನ್ನ ಮೂಳೆಗಳೂ ಪಾಪ, ನಾಳೇನೇ ಅರಿಜೋನಾಗೆ ಹೊರಡೋಣ. ಪದವಿ ಕೊಡೋ ಸಮಾರಂಭ ಮೇ ಒಂಬತ್ತಕ್ಕಂತೆ. ನಾನೇನು ಹೋಗಲೇಬೇಕು ಅಂತಿಲ್ಲ, ಪೋಸ್ಟಿನಲ್ಲಿ ಕಳಿಸ್ತಾರೆ.’

ಸರಿ ಎಂದು ಟೋಪಿ ಹಾಕಿಕೊಂಡು ಲವರ್ನ್ ಆಫೀಸಿಗೆ ಹೋದೆ, ಹೊರಡುತ್ತೇವೆಂದು ಹೇಳಲು. ದಾರಿಯಲ್ಲಿ ಯೋಚಿಸಿದೆ. ಅರಿಜೋನಾ ಎರಡು ಸಾವಿರ ಮೈಲಿ, ಹೋಗಿ ಬರುವುದು ನಾಲ್ಕು ಸಾವಿರ. ಟೈರುಗಳಿಗೆ ಆರು ವರ್ಷ ಆಯಿತು, ಒಳ್ಳೆಯದಲ್ಲ.

‘ಮೇ ಹತ್ತರವರೆಗೆ ಇರಬಹುದಾ?’ ಎಂದೆ.

ಲವರ್ನ್ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ‘ಏಪ್ರಿಲ್‌ನಲ್ಲಿ ದೋಣಿಗಳನ್ನೆಲ್ಲ ಹೊರಗೆ ತೆಗೀಬೇಕು. ಬೋರ್ಡಿನವರು ನಿನ್ನ ಬಿಟ್ಟರೆ ತಾನೇ!’ ಎಂದು ದಪ್ಪ ಪುಸ್ತಕವನ್ನು ನನ್ನ ಕಡೆ ತಿರುಗಿಸಿದಳು. ‘ಹೊಸ ಸಾಲು. ಹೆಸರು ಬರಿ.’

ಹನ್ನೊಂದು ವರ್ಷ, ನೂರಾರು ಕ್ಯಾಂಪು, ಎಲ್ಲ ಕಡೆಯೂ ನಾನು ಬರೆದಿದ್ದು ಒಂದೇ: ವರ್ಲಿನ್ ಸ್ಟ್ಯಾಂಪರ್ ಮತ್ತು ಹೆಂಡತಿ. ಪೆನ್ನು ತೆಗೆದುಕೊಂಡೆ. ನೆಡ್ರಾ ಫೇ ಕಾಲ್ವಿನ್, ಬಿ.ಎ., ಮತ್ತು ಗಂಡ ಎಂದು ಬರೆದೆ.

ಲವರ್ನ್ ಕನ್ನಡಕ ಏರಿಸಿಕೊಂಡು ಓದಿದಳು.

‘ಗಂಡನಿಗೆ ಹೆಸರಿಲ್ವಾ?’

‘ಅಷ್ಟು ಸಾಕು’ ಎಂದೆ.